ಗಣಿತಸಾರಸಂಗ್ರಹದ ಒಂದು ಅಂಕಹಾರ

ಲೆಕ್ಕವಿಲ್ಲದೆ ಲೋಕವ್ಯವಹಾರವಿಲ್ಲ. ಹೊಲದ ಅಳತೆ, ಕಾಳಿನ ತೂಕ, ಸಾಲದ ಬಡ್ಡಿ, ಗ್ರಹಣದ ಕಾಲ, ಕೊನೆಗೆ ಪದ್ಯದ ಮಾತ್ರೆ-ಗಣಗಳೂ ಸಂಖ್ಯೆಗೆ ಅಧೀನವಾಗಿಯೇ ಇವೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಈ ಗಡಿಸೀಮೆಯಲ್ಲಂತೂ ತಂಬಾಕು, ಕಬ್ಬು, ಜೋಳಗಳ ಒಕ್ಕಲುತನವೂ ಪೇಟೆಯ ವ್ಯಾಪಾರವೂ ಒಂದಕ್ಕೊಂದು ಹೆಣೆದುಕೊಂಡಿವೆ. ಕನ್ನಡ ಮರಾಠಿಗಳೆರಡನ್ನೂ ಬಲ್ಲ ಇಲ್ಲಿನ ಜನ ಎರಡು ನುಡಿಗಳಲ್ಲಿಯೂ ಲೆಕ್ಕ ಮಾಡುತ್ತ ಬಂದಿದ್ದಾರೆ. ಹೀಗಿದ್ದರೂ ಶಾಲೆಯಲ್ಲಿ ಗಣಿತವೆಂದರೆ ಮಗ್ಗಿಯನ್ನು ಬಾಯಿಪಾಠ ಮಾಡಿ, ಸೂತ್ರವನ್ನು ಅನ್ವಯಿಸಿ, ಉತ್ತರವನ್ನು ತಂದು ಕೆಳಗೆ ಗೆರೆ ಎಳೆಯುವ ಕೆಲಸವೆಂಬ ಭಾವನೆ ಬೇರೂರಿದೆ. ಉತ್ತರ ಬಂದ ಮೇಲೆ 'ಇದು ಹೀಗೇಕೆ ಬಂತು?' ಎಂದು ಕೇಳುವ ವಿದ್ಯಾರ್ಥಿ ವಿರಳ. ಕೇಳಿದಾಗ ನಿಂತು ವಿವರಿಸುವಷ್ಟು ಬಿಡುವು ಶಿಕ್ಷಕರಿಗೆ ದೊರೆಯುವುದೂ ವಿರಳ.

ಆ 'ಹೀಗೇಕೆ' ಎಂಬ ಪ್ರಶ್ನೆಯಲ್ಲಿ ಎಷ್ಟು ಫಲವಡಗಿದೆ ಎಂಬುದನ್ನು ತೋರಿಸಲು, ಕನ್ನಡ ನಾಡಿನ ಒಂದು ಪ್ರಾಚೀನ ಗ್ರಂಥದಲ್ಲಿ ಬಂದಿರುವ ಒಂದೇ ಒಂದು ಸಂಖ್ಯೆ ಸಾಕು. ಆ ಸಂಖ್ಯೆ 12345654321. ಒಂದರಿಂದ ಮೊದಲಾಗಿ ಆರರವರೆಗೆ ಏರಿ, ಬಂದ ದಾರಿಯಲ್ಲಿಯೇ ಒಂದಕ್ಕೆ ಇಳಿಯುವ ಈ ಸಂಖ್ಯೆಯ ಹುಟ್ಟು, ರೂಪ ಮತ್ತು ಗುಣಗಳ ವಿವೇಚನೆಯೇ ಈ ಲೇಖನದ ವಿಷಯ.

ಗ್ರಂಥ ಮತ್ತು ಗ್ರಂಥಕರ್ತೃ

ಕ್ರಿ.ಶ. 850ರ ಸುಮಾರಿನಲ್ಲಿ ಬಾಳಿದ ಜೈನ ಗಣಿತಜ್ಞರಾದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ಗ್ರಂಥ 'ಗಣಿತಸಾರಸಂಗ್ರಹ'. ಗ್ರಂಥಾರಂಭದಲ್ಲಿ ಅವರು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಕೊಂಡಾಡಿದ್ದಾರೆ. ಅಮೋಘವರ್ಷನ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡ. ಕನ್ನಡದ ಮೊದಲ ಉಪಲಬ್ಧ ಗ್ರಂಥವಾದ 'ಕವಿರಾಜಮಾರ್ಗ'ವೂ ಇದೇ ಚಕ್ರವರ್ತಿಯ ಆಶ್ರಯದಲ್ಲಿ ಮೂಡಿಬಂದುದನ್ನು ನೆನೆದರೆ, ಕಾವ್ಯಲಕ್ಷಣವೂ ಅಂಕಲಕ್ಷಣವೂ ಒಂದೇ ನೆರಳಿನಲ್ಲಿ ಬೆಳೆದವೆಂದು ಹೇಳಬಹುದು. ಸಂಜ್ಞೆ, ಪರಿಕರ್ಮ, ಕಲಾಸವರ್ಣ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರಗಣಿತ, ಖಾತ, ಛಾಯೆ ಎಂಬ ಒಂಬತ್ತು ಪ್ರಕರಣಗಳುಳ್ಳ ಈ ಗ್ರಂಥವನ್ನು ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಇದನ್ನು ಪ್ರಕಟಿಸಿದರು. 2000ದಲ್ಲಿ ಡಾ. ಪದ್ಮಾವತಮ್ಮನವರ ಕನ್ನಡ ಅನುವಾದದೊಡನೆ ಈ ಗ್ರಂಥ ಹೊಂಬುಜದಿಂದ ಹೊರಬಂದಿತು.

ಗಣಿತದ ಈ ಪರಂಪರೆಗೂ ಈ ಸೀಮೆಗೂ ನೇರವಾದ ಸಂಬಂಧವುಂಟು. ಕನ್ನಡದಲ್ಲಿ ಗಣಿತಶಾಸ್ತ್ರವನ್ನು ಬರೆದ ಮೊದಲಿಗನೆಂದು ಹೆಸರಾದ, ಹನ್ನೆರಡನೆಯ ಶತಮಾನದ ರಾಜಾದಿತ್ಯನು ಪೂವಿನಬಾಗೆಯವನು. ಆ ಪೂವಿನಬಾಗೆಯನ್ನು ವಿದ್ವಾಂಸರು ಇಂದಿನ ರಾಯಬಾಗದೊಡನೆ ಗುರುತಿಸಿದ್ದಾರೆ. 'ವ್ಯವಹಾರಗಣಿತ', 'ಕ್ಷೇತ್ರಗಣಿತ', 'ಲೀಲಾವತಿ' ಮೊದಲಾದ ಕೃತಿಗಳಲ್ಲಿ ಅವನು ಸಂಸ್ಕೃತದಲ್ಲಿದ್ದ ಗಣಿತವನ್ನು ನಾಡನುಡಿಗೆ ಇಳಿಸಿದನು. ಮಳಖೇಡದಲ್ಲಿ ಹರಿದ ಹೊಳೆ ರಾಯಬಾಗದಲ್ಲಿ ಕನ್ನಡದ ಕಾಲುವೆಯಾಯಿತೆಂದರೆ ಅತಿಶಯೋಕ್ತಿಯಾಗದು.

ಕೊರಳಹಾರದ ಲೆಕ್ಕಗಳು

ಪರಿಕರ್ಮ ಪ್ರಕರಣದಲ್ಲಿ ಗುಣಾಕಾರವನ್ನು ಬೋಧಿಸುವಾಗ ಮಹಾವೀರಾಚಾರ್ಯರು ಕೊಟ್ಟಿರುವ ಉದಾಹರಣೆಗಳಲ್ಲಿ ಕೆಲವು ವಿಶಿಷ್ಟವಾಗಿವೆ. ಗುಣ್ಯ ಗುಣಕಗಳನ್ನು ನೋಡಿದರೆ ಯಾವ ಚೆಲುವೂ ಕಾಣದು; ಗುಣಿಸಿದ ಮೇಲೆ ಬರುವ ಲಬ್ಧದಲ್ಲಿ ಮಾತ್ರ ಅಂಕೆಗಳು ಪೋಣಿಸಿದ ಮಣಿಗಳಂತೆ ಎರಡೂ ಕಡೆಯಿಂದ ಸಮವಾಗಿ ನಿಲ್ಲುತ್ತವೆ. ಇಂಥ ಲಬ್ಧಗಳನ್ನು ಆಚಾರ್ಯರು ಕಂಠಾಭರಣಕ್ಕೆ ಹೋಲಿಸಿದ್ದಾರೆ. ಅವುಗಳಲ್ಲಿ ಕೆಲವು ಹೀಗಿವೆ:

139 × 109 = 15151
152207 × 73 = 11111111
12345679 × 9 = 111111111
14287143 × 7 = 100010001
142857143 × 7 = 1000000001
11011011 × 91 = 1002002001
27994681 × 441 = 12345654321

ಈ ಹಾರಗಳನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಅವೇ ಅಂಕೆಗಳು. ಅಲಂಕಾರಶಾಸ್ತ್ರದಲ್ಲಿ ಗತಪ್ರತ್ಯಾಗತವೆನಿಸುವ ಚಿತ್ರಬಂಧವು ಇಲ್ಲಿ ಅಕ್ಷರಗಳ ಬದಲು ಅಂಕೆಗಳಲ್ಲಿ ಸಿದ್ಧವಾಗಿದೆ. ಅಂಕೆಗಳ ಗತಿ ಎಡಕ್ಕೆ ಎಂಬುದು ನಮ್ಮ ಪ್ರಾಚೀನರ ನ್ಯಾಯ. ಬಿಡಿಸ್ಥಾನದಿಂದ ತೊಡಗಿ ಎಡಕ್ಕೆ ಸಾಗುತ್ತ ಅವರು ಸಂಖ್ಯೆಗಳನ್ನು ಹೇಳುತ್ತಿದ್ದರು. ಈ ಹಾರಗಳ ಮಟ್ಟಿಗೆ ಎಡಬಲಗಳ ಭೇದವೇ ಇಲ್ಲ. ಶಿಷ್ಯನ ಗುಣಾಕಾರದಲ್ಲಿ ಒಂದಂಕೆ ತಪ್ಪಿದರೂ ಹಾರ ಹರಿಯುತ್ತದೆ, ತಪ್ಪು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಆದುದರಿಂದ ಇವು ವಿನೋದವಷ್ಟೇ ಅಲ್ಲ, ಶಿಷ್ಯನೇ ತನ್ನ ಉತ್ತರವನ್ನು ಒರೆಗೆ ಹಚ್ಚಿ ನೋಡುವ ಲೆಕ್ಕಗಳೂ ಆಗಿವೆ.

ಹೆಸರು ಮತ್ತು ಪ್ರಮಾಣ

ಇಂದಿನ ರೂಢಿಯಂತೆ ಈ ಸಂಖ್ಯೆಯನ್ನು ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎಂದು ಓದಬೇಕು. ಕೋಟಿಗೆ ಮೇಲ್ಪಟ್ಟ ಸ್ಥಾನಗಳಿಗೆ ಹೆಸರುಗಳು ಬಳಕೆಯಿಂದ ಜಾರಿಹೋಗಿರುವುದರಿಂದ 'ಸಾವಿರ ಕೋಟಿ', 'ಲಕ್ಷ ಕೋಟಿ' ಎಂದು ಹೆಸರಿನ ಮೇಲೆ ಹೆಸರನ್ನು ಹೇರಿ ಕೆಲಸ ಸಾಗಿಸುತ್ತಿದ್ದೇವೆ. ಮಹಾವೀರಾಚಾರ್ಯರಾದರೋ ಇಪ್ಪತ್ತನಾಲ್ಕು ಸ್ಥಾನಗಳಿಗೆ ಬೇರೆ ಬೇರೆ ಸಂಜ್ಞೆಗಳನ್ನು ಕೊಟ್ಟಿದ್ದಾರೆ: ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ. ಈ ಕ್ರಮದಲ್ಲಿ ನಮ್ಮ ಸಂಖ್ಯೆ ಹನ್ನೊಂದನೆಯ ಸ್ಥಾನವಾದ ಅರ್ಬುದದಲ್ಲಿ ತೊಡಗುತ್ತದೆ: ಒಂದು ಅರ್ಬುದ, ಎರಡು ಶತಕೋಟಿ, ಮೂರು ದಶಕೋಟಿ, ನಾಲ್ಕು ಕೋಟಿ, ಐದು ದಶಲಕ್ಷ, ಆರು ಲಕ್ಷ, ಅಲ್ಲಿಂದ ಐದು ದಶಸಹಸ್ರ, ನಾಲ್ಕು ಸಹಸ್ರ, ಮೂರು ಶತ, ಎರಡು ದಶ, ಒಂದು ಏಕ. ಶಿಖರದ ಆರು ಲಕ್ಷಸ್ಥಾನದಲ್ಲಿ ನಿಂತಿದೆ. ಅದರ ಎಡಕ್ಕೆ ಐದು ಸ್ಥಾನಗಳು, ಬಲಕ್ಕೆ ಐದು ಸ್ಥಾನಗಳು.

ಇದು ಎಷ್ಟು ದೊಡ್ಡದು? ಊಟ ನಿದ್ರೆಗಳನ್ನು ಬಿಟ್ಟು ಸೆಕೆಂಡಿಗೆ ಒಂದರಂತೆ ಎಣಿಸಿದರೆ ಮುಗಿಯಲು ಸುಮಾರು 391 ವರ್ಷಗಳು ಬೇಕು. ಅಥಣಿ ಕಡೆಯ ಜೋಳದ ಸಾವಿರ ಕಾಳು 30 ಗ್ರಾಂ ತೂಗುತ್ತವೆಂದು ಇಟ್ಟುಕೊಂಡರೆ, ಇಷ್ಟು ಕಾಳುಗಳ ತೂಕ ಸುಮಾರು 370 ಟನ್. ಹತ್ತು ಟನ್ ಹೊರುವ ಲಾರಿಗಳು ಮೂವತ್ತೇಳು ಬೇಕಾದಾವು. ಎಣಿಸಲು ತಲೆಮಾರುಗಳು ಹಿಡಿಯುವ ರಾಶಿಯನ್ನು ಅಳೆಯಲು ಒಂದು ದಿನ ಸಾಕು. ಅದನ್ನು ಹನ್ನೊಂದು ಅಂಕೆಗಳಲ್ಲಿ ಬರೆಯಲು ಒಂದು ಗಳಿಗೆಯೂ ಬೇಡ. ಸ್ಥಾನಮೌಲ್ಯ ಪದ್ಧತಿಯ ಮಹಿಮೆ ಇದು.

ಆಕಾರದ ಕಾರಣ

ಈ ಸಂಖ್ಯೆಗೆ ಏರಿಳಿತದ ರೂಪ ಬಂದುದು ಆಕಸ್ಮಿಕವಲ್ಲ. ಇದು 111111 ಎಂಬ ಸಂಖ್ಯೆಯ ವರ್ಗ. 111111ನ್ನು 111111ರಿಂದಲೇ ಗುಣಿಸುವಾಗ ಒಂದರಿಂದ ಗುಣಿಸಿದ ಸಾಲುಗಳನ್ನೇ ಆರು ಸಲ, ಪ್ರತಿಸಲವೂ ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಬರೆಯಬೇಕಷ್ಟೆ:

111111
1111110
11111100
111111000
1111110000
11111100000

ಇವನ್ನು ಬಲದ ಅಂಚು ಸಮನಾಗುವಂತೆ ಒಂದರ ಕೆಳಗೊಂದು ಬರೆದು ಕೂಡಿದಾಗ, ಬಿಡಿಸ್ಥಾನದಲ್ಲಿ ಒಂದೇ ಒಂದು 1 ಇದೆ. ಹತ್ತರ ಸ್ಥಾನದಲ್ಲಿ ಎರಡು, ನೂರರ ಸ್ಥಾನದಲ್ಲಿ ಮೂರು. ಹೀಗೆ ಲಕ್ಷಸ್ಥಾನದಲ್ಲಿ ಆರೂ ಸಾಲುಗಳ 1 ಕೂಡುತ್ತವೆ. ಅಲ್ಲಿಂದ ಮುಂದೆ ಒಂದೊಂದು ಸಾಲು ಮುಗಿಯುತ್ತ ಬರುವುದರಿಂದ ಮೊತ್ತ ಐದು, ನಾಲ್ಕು, ಮೂರು, ಎರಡು, ಒಂದು ಎಂದು ಇಳಿಯುತ್ತದೆ. ಎಲ್ಲ ಅಂಕೆಗಳನ್ನು ಕೂಡಿದರೆ 36. ಏಕೆಂದರೆ ಆರು ಸಾಲುಗಳಲ್ಲಿ ಆರಾರರಂತೆ ಇರುವ ಒಂದುಗಳ ಒಟ್ಟು ಲೆಕ್ಕವೇ ಅದು.

ಯಾವ ಸ್ಥಾನದ ಮೊತ್ತವೂ ಒಂಬತ್ತನ್ನು ಮೀರದಿರುವುದರಿಂದ ಮುಂದಿನ ಸ್ಥಾನಕ್ಕೆ ದಶಕವನ್ನು ಸಾಗಿಸುವ ಪ್ರಸಂಗವೇ ಇಲ್ಲಿ ಬರುವುದಿಲ್ಲ. ಇದನ್ನು ಅರಿತವನಿಗೆ ಈ ಚೆಲುವಿನ ಗಡಿಯೂ ತಿಳಿಯುತ್ತದೆ. ಒಂಬತ್ತು ಒಂದುಗಳ ವರ್ಗ 12345678987654321; ಹಾರ ಇನ್ನೂ ಹರಿದಿಲ್ಲ. ಹತ್ತು ಒಂದುಗಳ ವರ್ಗದಲ್ಲಿ ನಡುವಿನ ಮೊತ್ತ ಹತ್ತಾಗುತ್ತದೆ. ಅಲ್ಲಿ 0 ಉಳಿದು 1 ಎಡಕ್ಕೆ ಸಾಗುತ್ತದೆ. ಅಲ್ಲಿದ್ದ 9 ಹತ್ತಾಗಿ ಮತ್ತೆ 0 ಉಳಿಯುತ್ತದೆ. ಅದರಾಚೆಯ 8 ಒಂಬತ್ತಾಗುತ್ತದೆ. ಆದುದರಿಂದ ಲಬ್ಧ 1234567900987654321. ಏರುವ ಭಾಗದಲ್ಲಿ ಎಂಟು ಮಾಯವಾಗಿದೆ. ಮಹಾವೀರಾಚಾರ್ಯರ ಇನ್ನೊಂದು ಉದಾಹರಣೆಯಾದ 12345679ರಲ್ಲಿಯೂ ಎಂಟು ಇಲ್ಲದಿರುವುದನ್ನು ಕಂಡು ಅನೇಕರು ಬೆರಗಾಗುತ್ತಾರೆ. 1ನ್ನು 81ರಿಂದ ಭಾಗಿಸಿದರೆ ಬರುವ ದಶಮಾಂಶದಲ್ಲಿ ಈ ಅಂಕೆಗಳೇ ಆವರ್ತಿಸುತ್ತವೆ. ಅಲ್ಲಿಯೂ ಎಂಟನ್ನು ಒಂಬತ್ತಾಗಿಸುವುದು ಇದೇ ದಶಕದ ಸಾಗಾಟ.

ಅವಯವಗಳು

ಹಾರವನ್ನು ಬಿಚ್ಚಿ ಮಣಿಗಳನ್ನು ನೋಡಬೇಕು. 111111ನ್ನು 111 ಮತ್ತು 1001ರ ಗುಣಲಬ್ಧವಾಗಿ ಬರೆಯಬಹುದು. 111 ಎಂದರೆ 3 × 37. 1001 ಎಂದರೆ 7 × 11 × 13. ಆದುದರಿಂದ 111111ರ ಅವಿಭಾಜ್ಯ ಅಪವರ್ತನಗಳು 3, 7, 11, 13, 37 ಎಂಬ ಐದು. ಅದರ ವರ್ಗವಾದ ನಮ್ಮ ಸಂಖ್ಯೆಯಲ್ಲಿ ಇವೈದೂ ಎರಡೆರಡು ಸಲ ಬರುತ್ತವೆ.

ಇದರಿಂದ ಭಾಜಕಗಳ ಸಂಖ್ಯೆ ತಿಳಿಯುತ್ತದೆ. ಒಂದು ಭಾಜಕವನ್ನು ಕಟ್ಟುವಾಗ ಐದು ಅವಿಭಾಜ್ಯಗಳಲ್ಲಿ ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಇಲ್ಲವೆ ಎರಡು ಸಲ ತೆಗೆದುಕೊಳ್ಳಬಹುದು. ಒಂದೊಂದಕ್ಕೂ ಮೂರು ದಾರಿ; ಒಟ್ಟು 3 × 3 × 3 × 3 × 3 = 243. ಅಂದರೆ 12345654321ನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು 243. ಭಾಜಕಗಳು ಸಾಮಾನ್ಯವಾಗಿ ಜೋಡಿಜೋಡಿಯಾಗಿ ಬರುತ್ತವೆ. ವರ್ಗಸಂಖ್ಯೆಯಲ್ಲಿ ಮಾತ್ರ ವರ್ಗಮೂಲವು ತನಗೆ ತಾನೇ ಜೋಡಿಯಾಗುವುದರಿಂದ ಭಾಜಕಗಳ ಲೆಕ್ಕ ಬೆಸವಾಗುತ್ತದೆ. ಈ ಜೋಡಿಗಳನ್ನು ಎಣಿಸಿದರೆ ನಮ್ಮ ಸಂಖ್ಯೆಯನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ 122 ಬಗೆಗಳಲ್ಲಿ ಬರೆಯಬಹುದೆಂದು ಕಾಣುತ್ತದೆ.

ಆ 122 ಬಗೆಗಳಲ್ಲಿ ಆಚಾರ್ಯರು ಆರಿಸಿದುದು 441 ಮತ್ತು 27994681ರ ಜೋಡಿ. 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. ಮೊದಲನೆಯದರಲ್ಲಿ 3 ಮತ್ತು 7 ಎಂಬ ಮಣಿಗಳೂ ಎರಡನೆಯದರಲ್ಲಿ 11, 13, 37 ಎಂಬ ಮಣಿಗಳೂ ಸೇರಿವೆ. ಎರಡೂ ವರ್ಗಗಳೇ ಆಗಿರುವ ಜೋಡಿಗಳು ಒಟ್ಟಿನಲ್ಲಿ ಹದಿನಾರು ಮಾತ್ರ. 5291ನ್ನು 21ರಿಂದ ಗುಣಿಸಿದರೆ 111111 ಬರುತ್ತದೆ. ಐದನೆಯ ತರಗತಿಯ ಮಗುವೂ ಇದನ್ನು ಮಾಡಬಲ್ಲದು. ಅದೇ ಗುಣಾಕಾರದ ಎರಡೂ ಬದಿಗಳನ್ನು ವರ್ಗ ಮಾಡಿದರೆ ಆಚಾರ್ಯರ ಉದಾಹರಣೆ ಸಿದ್ಧವಾಗುತ್ತದೆ.

111111ರ ಈ ಅವಯವಗಳಿಗೆ ಇನ್ನೊಂದು ಫಲವೂ ಇದೆ. 999999 ಎಂಬುದು ಇದರ ಒಂಬತ್ತುಪಟ್ಟು. ಆದಕಾರಣ 999999ನ್ನು 7, 13 ಇವು ಶೇಷವಿಲ್ಲದೆ ಭಾಗಿಸುತ್ತವೆ: 7ಕ್ಕೆ 142857, 13ಕ್ಕೆ 76923. ಏಳನೆಯ ಒಂದು ಪಾಲನ್ನು ದಶಮಾಂಶದಲ್ಲಿ ಬರೆದಾಗ 142857 ಎಂಬ ಆರಂಕೆಗಳೂ, ಹದಿಮೂರನೆಯ ಒಂದು ಪಾಲಿನಲ್ಲಿ 076923 ಎಂಬ ಆರಂಕೆಗಳೂ ಮರಳಿ ಮರಳಿ ಬರುವುದು ಇದರಿಂದಲೇ.

ನಾಲ್ಕು ಪರೀಕ್ಷೆಗಳು

ಇಷ್ಟು ದೊಡ್ಡ ಸಂಖ್ಯೆಯನ್ನು ಭಾಗಿಸದೆಯೇ ಅದರ ಅವಯವಗಳನ್ನು ಗುರುತಿಸಲು ಸುಲಭವಾದ ಪರೀಕ್ಷೆಗಳಿವೆ.

ಮೊದಲನೆಯದು ಒಂಬತ್ತರ ಪರೀಕ್ಷೆ. 10, 100, 1000 ಇವೆಲ್ಲ ಒಂಬತ್ತರಿಂದ ಭಾಗಿಸಿದಾಗ ಒಂದನ್ನೇ ಉಳಿಸುವುದರಿಂದ, ಅಂಕೆಗಳ ಮೊತ್ತದ ಶೇಷವೇ ಸಂಖ್ಯೆಯ ಶೇಷ. ಇಲ್ಲಿ ಮೊತ್ತ 36, ಆದುದರಿಂದ ಶೇಷವಿಲ್ಲ.

ಎರಡನೆಯದು ಹನ್ನೊಂದರ ಪರೀಕ್ಷೆ. ಅಂಕೆಗಳನ್ನು ಬಲದಿಂದ ಎಡಕ್ಕೆ ಒಂದು ಬಿಟ್ಟೊಂದು ಕೂಡಿ ಕಳೆಯಬೇಕು: 1 − 2 + 3 − 4 + 5 − 6 + 5 − 4 + 3 − 2 + 1 = 0. ಆದುದರಿಂದ ಹನ್ನೊಂದು ಭಾಗಿಸುತ್ತದೆ.

ಮೂರನೆಯದು 1001ರ ಪರೀಕ್ಷೆ. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕೆಗಳ ಗುಂಪುಗಳಾಗಿ ಒಡೆದರೆ 321, 654, 345, 12 ದೊರೆಯುತ್ತವೆ. ಇವನ್ನು ಒಂದು ಬಿಟ್ಟೊಂದು ಕೂಡಿ ಕಳೆದರೆ 321 − 654 + 345 − 12 = 0. ಆದುದರಿಂದ 7, 11, 13 ಈ ಮೂರೂ ಒಮ್ಮೆಗೇ ಸಿದ್ಧವಾದವು.

ನಾಲ್ಕನೆಯದು 999ರ ಪರೀಕ್ಷೆ. ಅದೇ ಗುಂಪುಗಳನ್ನು ಕೂಡಿದರೆ 1332. ಸಾವಿರದ ಸ್ಥಾನದ 1ನ್ನು ಮಿಕ್ಕ 332ಕ್ಕೆ ಸೇರಿಸಿದರೆ 333. ಇದು 9 × 37. 999 ಎಂಬುದು 27 × 37 ಆಗಿರುವುದರಿಂದ 37 ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆಂದು ನಿರ್ಧರಿಸಬಹುದು.

ಈ ಪರೀಕ್ಷೆಗಳು ಅಂಕವಿನೋದಕ್ಕೆ ಮಾತ್ರ ಸಲ್ಲುವವಲ್ಲ. ಕಬ್ಬಿನ ತೂಕದ ಚೀಟಿಯಲ್ಲಿ 4563 ಎಂದಿರಬೇಕಾದುದು ಖಾತೆಪುಸ್ತಕದಲ್ಲಿ 4653 ಎಂದು ಇಳಿದಿದೆ ಎನ್ನೋಣ. ಅಂಕೆಗಳ ಮೊತ್ತ ಎರಡರಲ್ಲಿಯೂ 18. ಒಂಬತ್ತರ ಪರೀಕ್ಷೆಗೆ ಈ ತಪ್ಪು ಸಿಕ್ಕುವುದಿಲ್ಲ. ಹನ್ನೊಂದರ ಪರೀಕ್ಷೆ ಮಾಡಿದರೆ ಒಂದರಲ್ಲಿ 3 − 6 + 5 − 4 = −2, ಇನ್ನೊಂದರಲ್ಲಿ 3 − 5 + 6 − 4 = 0. ತಪ್ಪು ಬಯಲಾಯಿತು. ತಾಳೆಪಟ್ಟಿ ಕೂಡದೆ ಉಳಿದ ವ್ಯತ್ಯಾಸ ಒಂಬತ್ತರಿಂದ ಭಾಗವಾಗುವುದಾದರೆ ಎಲ್ಲಿಯೋ ಎರಡು ಅಂಕೆಗಳು ಅದಲುಬದಲಾಗಿರಬಹುದೆಂದು ಅನುಭವಿಗಳಾದ ಲೆಕ್ಕಿಗರು ಶಂಕಿಸುವುದು ಈ ಕಾರಣದಿಂದಲೇ. ಇಲ್ಲಿನ ವ್ಯತ್ಯಾಸ 90. ಹತ್ತಂಕೆಯ ಹಳೆಯ ಐಎಸ್‌ಬಿಎನ್ ಪುಸ್ತಕಸಂಖ್ಯೆಯಲ್ಲಿ ಕೊನೆಯ ತಪಾಸಣೆಯ ಅಂಕೆಯನ್ನು ಹನ್ನೊಂದರ ಶೇಷದಿಂದಲೇ ನಿಶ್ಚಯಿಸುತ್ತಿದ್ದರು.

ಸಂಖ್ಯೆಯ ಗುಣ, ಬರವಣಿಗೆಯ ಗುಣ

ಇಲ್ಲಿ ಒಂದು ವಿವೇಕ ಅಗತ್ಯ. 243 ಭಾಜಕಗಳಿರುವುದು, ವರ್ಗವಾಗಿರುವುದು ಇವು ಸಂಖ್ಯೆಯ ಸ್ವಂತ ಗುಣಗಳು. ಅಷ್ಟು ಜೋಳದ ಕಾಳುಗಳನ್ನು ರಾಶಿ ಹಾಕಿದರೂ, ಯಾವ ಲಿಪಿಯಲ್ಲಿ ಬರೆದರೂ, ಏನನ್ನೂ ಬರೆಯದೆ ಬಿಟ್ಟರೂ ಅವು ಮಾರ್ಪಡವು. ಏರಿಳಿತದ ಆಕಾರವಾದರೋ ಹತ್ತರ ಸ್ಥಾನಪದ್ಧತಿಯಲ್ಲಿ ಬರೆದುದರಿಂದ ಬಂದ ಗುಣ. ಹತ್ತರ ಬದಲು ಏಳೇಳನ್ನು ಗುಂಪು ಮಾಡುವ ಜನರಿದ್ದರೆ ಅವರ 111111 ನಮ್ಮ ಲೆಕ್ಕದಲ್ಲಿ 19608 ಆಗುತ್ತದೆ. ಅದರ ವರ್ಗ ನಮಗೆ 384473664. ಅದರಲ್ಲಿ ಯಾವ ಚೆಲುವೂ ಕಾಣದು. ಅವರ ಬರವಣಿಗೆಯಲ್ಲಿ ಮಾತ್ರ ಅದು 12345654321 ಎಂದೇ ಇರುತ್ತದೆ. ಆರಾರನ್ನು ಗುಂಪು ಮಾಡುವವರಿಗೆ ಆರು ಎಂಬ ಅಂಕೆಯೇ ಇಲ್ಲದಿರುವುದರಿಂದ ದಶಕದ ಸ್ಥಾನದಲ್ಲಿ ಷಟ್ಕ ಸಾಗಿ ಹಾರ ಹರಿಯುತ್ತದೆ.

ಬೀಜಗಣಿತ ಬಲ್ಲ ಮೇಲಿನ ತರಗತಿಯ ವಿದ್ಯಾರ್ಥಿಗೆ ಇದು ಒಂದೇ ಮಾತಿನಲ್ಲಿ ತಿಳಿಯುತ್ತದೆ. ಅವ್ಯಕ್ತರಾಶಿಯ ಐದನೆಯ ಘಾತದಿಂದ ಒಂದರವರೆಗಿನ ಆರು ಪದಗಳ ಮೊತ್ತವನ್ನು ವರ್ಗ ಮಾಡಿದಾಗ ಬರುವ ಗುಣಾಂಕಗಳೇ 1, 2, 3, 4, 5, 6, 5, 4, 3, 2, 1. ಅವ್ಯಕ್ತದ ಬೆಲೆ ಹತ್ತಾದರೆ ಮಹಾವೀರಾಚಾರ್ಯರ ಹಾರ, ಏಳಾದರೆ 384473664, ಒಂದಾದರೆ ಅಂಕೆಗಳ ಮೊತ್ತವಾದ 36, ಋಣ ಒಂದಾದರೆ ಹನ್ನೊಂದರ ಪರೀಕ್ಷೆಯ ಸೊನ್ನೆ. ಬೇರೆ ಬೇರೆಯೆಂದು ಕಂಡ ಗುಣಗಳು ಒಂದೇ ಬಳ್ಳಿಯ ಕಾಯಿಗಳೆಂದು ಆಗ ಅರಿವಾಗುತ್ತದೆ.

ದೇವಳಾಲಿಯ ಶಾಲಾಶಿಕ್ಷಕ

ಸಾವಿರ ವರ್ಷಗಳ ಮೇಲೆ ಇದೇ ಸಂಖ್ಯಾವರ್ಗವನ್ನು ನೆರೆಯ ಮಹಾರಾಷ್ಟ್ರದ ಒಬ್ಬ ಶಾಲಾಶಿಕ್ಷಕರು ತಾವಾಗಿ ಅಭ್ಯಾಸ ಮಾಡಿದರು. ಅವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. 1905ರಲ್ಲಿ ಡಹಾಣುವಿನಲ್ಲಿ ಹುಟ್ಟಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, 1930ರಿಂದ 1962ರವರೆಗೆ ನಾಶಿಕದ ಬಳಿಯ ದೇವಳಾಲಿಯ ಶಾಲೆಯಲ್ಲಿ ಪಾಠ ಹೇಳಿದರು, 1986ರಲ್ಲಿ ತೀರಿಕೊಂಡರು. 1, 121, 12321, 1234321 ಎಂದು ಬೆಳೆಯುವ ಸಂಖ್ಯೆಗಳನ್ನು ಅವರು 'ಡೆಮ್ಲೋ ಸಂಖ್ಯೆಗಳು' ಎಂದು ಕರೆದು 1938ರಲ್ಲಿ 'ಮ್ಯಾಥೆಮ್ಯಾಟಿಕ್ಸ್ ಸ್ಟೂಡೆಂಟ್' ಪತ್ರಿಕೆಯಲ್ಲಿ ಬರೆದರು. ಈ ವಿಚಾರ ಅವರಿಗೆ ಹೊಳೆದ ರೈಲು ನಿಲ್ದಾಣದ ಹೆಸರೇ ಡೆಮ್ಲೋ. ಅದು ಇಂದಿನ ಡೊಂಬಿವಲಿ. ಈ ಮಾಲೆಯಲ್ಲಿ 12345654321 ಆರನೆಯದು.

ಕಾಪ್ರೇಕರರ ಹೆಸರು ಹೆಚ್ಚು ಪ್ರಸಿದ್ಧವಾದುದು 6174ರಿಂದ. ನಾಲ್ಕಂಕೆಯ ಸಂಖ್ಯೆಯ ಅಂಕೆಗಳನ್ನು ಇಳಿಕೆಯ ಕ್ರಮದಲ್ಲಿಯೂ ಏರಿಕೆಯ ಕ್ರಮದಲ್ಲಿಯೂ ಬರೆದು ಕಳೆಯುತ್ತ ಹೋದರೆ, ನಾಲ್ಕೂ ಅಂಕೆಗಳು ಒಂದೇ ಆಗಿರದಿದ್ದಲ್ಲಿ, ಏಳು ಹೆಜ್ಜೆಗಳೊಳಗೆ 6174 ಬಂದೇ ತೀರುತ್ತದೆ. ಅವರು ಹುಟ್ಟಿದ 1905ನ್ನೇ ಹಿಡಿದರೆ 9351, 8172, 7443, 3996, 6264, 4176, 6174 ಎಂದು ಏಳನೆಯ ಹೆಜ್ಜೆಯಲ್ಲಿ ಮುಟ್ಟುತ್ತದೆ. ಸ್ನಾತಕೋತ್ತರ ಪದವಿಯಿಲ್ಲದ ಈ ಶಿಕ್ಷಕರ ಕೆಲಸವನ್ನು ಬಹುಕಾಲ ಪಂಡಿತವರ್ಗ ಗಣಿಸಲಿಲ್ಲ. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ಅಮೆರಿಕದ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಬರೆದ ಮೇಲೆ ಅವರ ಕೀರ್ತಿ ದೇಶಾಂತರಗಳಿಗೆ ಹಬ್ಬಿತು. ಹಳ್ಳಿಯ ಶಾಲೆಯ ಕರಿಹಲಗೆಯೂ ಶೋಧನೆಯ ಸ್ಥಾನವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಯಂತ್ರದ ಕಾಲದಲ್ಲಿ

ಗಣಕಯಂತ್ರವು ಕೈಗೆ ಬಂದ ಮೇಲೆ ಈ ಶ್ರಮವೇಕೆ ಎಂಬ ಪ್ರಶ್ನೆ ಸಹಜ. ಉತ್ತರ ಆ ಯಂತ್ರದಲ್ಲಿಯೇ ಇದೆ. ಕಚೇರಿಗಳಲ್ಲಿ ಬಳಸುವ ಎಕ್ಸೆಲ್ ಲೆಕ್ಕದ ಹಾಳೆಯಲ್ಲಿ ಒಂಬತ್ತು ಒಂದುಗಳ ವರ್ಗವನ್ನು ಕೇಳಿ, ಅಂಕೆಗಳನ್ನೆಲ್ಲ ತೋರಿಸುವಂತೆ ಮಾಡಿದರೆ 12345678987654300 ಎಂದು ಕಾಣುತ್ತದೆ. ಅದು ಹದಿನೈದು ಅಂಕೆಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕ ಸ್ಥಾನಗಳಿಗೆ ಸೊನ್ನೆ ತುಂಬುತ್ತದೆ. ಬೆಸಸಂಖ್ಯೆಯ ವರ್ಗ ಸೊನ್ನೆಯಲ್ಲಿ ಮುಗಿಯಲಾರದು. ಒಂಬತ್ತರಿಂದ ಭಾಗವಾಗಬೇಕಾದ ಸಂಖ್ಯೆಯ ಅಂಕೆಗಳ ಮೊತ್ತ 78 ಆಗಲಾರದು. ಏರಿದ ಹಾರ ಇಳಿಯದೆ ನಿಲ್ಲಲಾರದು. ಕಾರಣ ಬಲ್ಲ ವಿದ್ಯಾರ್ಥಿ ಯಂತ್ರವನ್ನು ತಿದ್ದುತ್ತಾನೆ. ಉತ್ತರವನ್ನು ಮಾತ್ರ ಬಲ್ಲವನು ಯಂತ್ರ ಹೇಳಿದುದನ್ನು ಬರೆದುಕೊಳ್ಳುತ್ತಾನೆ.

ಬೆಂಗಳೂರಿನ ಶಕುಂತಲಾದೇವಿಯವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 7686369774870 ಮತ್ತು 2465099745779 ಎಂಬ ಹದಿಮೂರಂಕೆಯ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲಿಯೇ ಗುಣಿಸಿ 28 ಸೆಕೆಂಡುಗಳಲ್ಲಿ 18947668177995426462773730 ಎಂಬ ಉತ್ತರವನ್ನು ಹೇಳಿದರು. ಇಪ್ಪತ್ತಾರು ಅಂಕೆಗಳ ಈ ಲಬ್ಧ ಮಹಾವೀರಾಚಾರ್ಯರ ಮಹಾಕ್ಷೋಭವನ್ನೂ ಎರಡು ಸ್ಥಾನ ಮೀರುತ್ತದೆ. ಆ ಗುಣಾಕಾರ ಎಲ್ಲರಿಗೂ ಸಾಧ್ಯವಲ್ಲ. ಅದನ್ನು ಪರೀಕ್ಷಿಸುವುದು ಮಾತ್ರ ಎಲ್ಲರಿಗೂ ಸಾಧ್ಯ. ಒಂಬತ್ತರ ಶೇಷಗಳು ಮೊದಲನೆಯದಕ್ಕೆ 6, ಎರಡನೆಯದಕ್ಕೆ 2. ಅವುಗಳ ಗುಣಲಬ್ಧ 12ರ ಶೇಷ 3. ಉತ್ತರದ ಅಂಕೆಗಳ ಮೊತ್ತ 138. ಅದರ ಶೇಷವೂ 3. ಹನ್ನೊಂದರ ಪರೀಕ್ಷೆಯಲ್ಲಿ ಎರಡನೆಯ ಸಂಖ್ಯೆಯ ಶೇಷ ಸೊನ್ನೆ. ಉತ್ತರದ ಶೇಷವೂ ಸೊನ್ನೆ. ಎರಡೂ ಪರೀಕ್ಷೆಗಳಲ್ಲಿ ತಾಳೆಬಿದ್ದ ಮಾತ್ರಕ್ಕೆ ಉತ್ತರ ಸರಿಯೆಂದು ಸಿದ್ಧವಾಗದು, ತಾಳೆಬೀಳದಿದ್ದರೆ ಮಾತ್ರ ತಪ್ಪೆಂಬುದು ನಿಶ್ಚಯ. ಈ ಭೇದವನ್ನು ಅರಿಯುವುದೂ ಗಣಿತಶಿಕ್ಷಣದ ಒಂದು ಮುಖ್ಯ ಪ್ರಯೋಜನ.

ಮಹಾವೀರಾಚಾರ್ಯರು ಈ ಹಾರಗಳನ್ನು ಗ್ರಂಥದ ಕೊನೆಗೆ ಶೋಭೆಗಾಗಿ ಇಡಲಿಲ್ಲ. ಗುಣಾಕಾರವನ್ನು ಕಲಿಯತೊಡಗಿದ ಶಿಷ್ಯನ ಮೊದಲ ಪಾಠಗಳಲ್ಲಿಯೇ ಇಟ್ಟರು. ಇಂದಿನ ತರಗತಿಯಲ್ಲಿಯೂ ಇದಕ್ಕೆ ಬೇಕಾದುದು ಕರಿಹಲಗೆ, ಸೀಮೆಸುಣ್ಣ ಮತ್ತು ಅರ್ಧ ಗಂಟೆಯ ವೇಳೆ ಮಾತ್ರ. 11ರ ವರ್ಗ, 111ರ ವರ್ಗ, 1111ರ ವರ್ಗ ಎಂದು ಮಕ್ಕಳಿಂದಲೇ ಮಾಡಿಸಿ, ಮುಂದಿನದನ್ನು ಗುಣಿಸದೆಯೇ ಹೇಳುವಂತೆ ಕೇಳಿದರೆ ಅವರು ಹೇಳುತ್ತಾರೆ. ಹತ್ತು ಒಂದುಗಳಿಗೆ ಬಂದಾಗ ಅವರ ಊಹೆ ತಪ್ಪುತ್ತದೆ. ಏಕೆ ತಪ್ಪಿತೆಂದು ಅವರು ಕೇಳುವ ಆ ಗಳಿಗೆಯಲ್ಲಿ ಶಿಕ್ಷಕರು ಉತ್ತರವನ್ನು ತಟ್ಟನೆ ಹೇಳಿಬಿಡದೆ, ಸಾಲುಗಳನ್ನು ಬರೆದು ನಡುವಿನ ಸ್ಥಾನವನ್ನು ಎಣಿಸಿ ನೋಡಲು ಬಿಡುವುದು ಒಳ್ಳೆಯದು. ರಾಜಾದಿತ್ಯನು ಕನ್ನಡದಲ್ಲಿ ಗಣಿತವನ್ನು ಬರೆದ ಸೀಮೆಯಲ್ಲಿ ಆ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳುವ ಮಕ್ಕಳಿಗೆ ಕೊರತೆಯಿಲ್ಲ.